ಬಾಯಿಪಾಠದಿಂದ ಉತ್ತರಪತ್ರಿಕೆಯವರೆಗೆ: ಪಿಯುಸಿ ಭಾಷಾ ಪರೀಕ್ಷೆ ನಡೆದು ಬಂದ ದಾರಿ



ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಗುತ್ತೂರು, ಹರಿಹರ, ದಾವಣಗೆರೆಯ ಮನೆಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಎಷ್ಟು ಬಂತು?" ಮೊದಲು ಭೌತಶಾಸ್ತ್ರ, ಗಣಿತ ಅಥವಾ ಲೆಕ್ಕಶಾಸ್ತ್ರದ ಅಂಕಗಳನ್ನು ವಿಚಾರಿಸುತ್ತಾರೆ. ಕನ್ನಡದಲ್ಲಿ ಎಷ್ಟು, ಉರ್ದುವಿನಲ್ಲಿ ಎಷ್ಟು ಎಂದು ಕೇಳುವವರು ಕಡಿಮೆ. ಆದರೆ ಮಗ ಅಥವಾ ಮಗಳು ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಉಳಿದ ಐದು ವಿಷಯಗಳಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಯೂ ಒಂದು ಭಾಷೆಯಲ್ಲಿ ಎಡವಿ ಮನೆಯಲ್ಲಿ ಕುಳಿತುಬಿಡುವುದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ಭಾಷೆಯಲ್ಲಿ ನೂರಕ್ಕೆ 92 ಎಂದರೆ ಏನು? ಆ ವಿದ್ಯಾರ್ಥಿ ಚೆನ್ನಾಗಿ ಮಾತನಾಡಬಲ್ಲನೆಂದೇ? ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಬಲ್ಲನೆಂದೇ? ಒಂದು ಕವಿತೆಯನ್ನು ಓದಿ ಸವಿಯಬಲ್ಲನೆಂದೇ? ಅಥವಾ ನಿಗದಿಪಡಿಸಿದ ಪಾಠಗಳ ಪ್ರಶ್ನೋತ್ತರಗಳು ಅವನ ನೆನಪಿನಲ್ಲಿ ಇದ್ದುವೆಂದಷ್ಟೇ ಅರ್ಥವೇ? "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಮ್ಮ ಪರೀಕ್ಷೆ ಒಕ್ಕಾಲನ್ನು ಅಳೆಯುತ್ತಿದೆಯೋ, ಮುಕ್ಕಾಲನ್ನೋ? ಇದಕ್ಕೆ ಉತ್ತರ ಬೇಕಾದರೆ ಈ ಪರೀಕ್ಷೆ ಎಲ್ಲಿಂದ ಬಂತೆಂದು ತಿಳಿಯಬೇಕು.

ಮಠ ಮತ್ತು ಮಕ್ತಬ್

ಇಂದಿನ ಶಾಲೆಗಳು ಬರುವ ಮೊದಲು ನಮ್ಮ ಸೀಮೆಯ ಹಳ್ಳಿಗಳಲ್ಲಿ ಐಗಳ ಮಠಗಳು ಇದ್ದವು. ಇವನ್ನು ಕೂಲಿಮಠಗಳೆಂದೂ ಕರೆಯುತ್ತಿದ್ದರು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಹೇಳಿ, ಅಮರಕೋಶ, ಜೈಮಿನಿ ಭಾರತಗಳನ್ನು ಬಾಯಿಪಾಠ ಮಾಡುತ್ತಿದ್ದರು. ಮಸೀದಿಗಳ ಪಕ್ಕದ ಮಕ್ತಬ್‌ಗಳಲ್ಲಿ ತಖ್ತಿಯ ಮೇಲೆ ಬರವಣಿಗೆ ತಿದ್ದಿಸುತ್ತಿದ್ದರು. ಕುರಾನ್ ಪಠಣದ ಜೊತೆಗೆ ಸಾದಿಯ ಗುಲಿಸ್ತಾನ್, ಬೋಸ್ತಾನ್ ಓದಿಸುತ್ತಿದ್ದರು. ಹೊಸ ಸಬಕ್ ಕೊಡುವ ಮೊದಲು ಉಸ್ತಾದರು ಹಿಂದಿನ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಇದಕ್ಕೆ ಆಮೋಖ್ತಾ ಎಂದು ಹೆಸರು.

ಈ ಎರಡು ಕಡೆಯೂ ಪರೀಕ್ಷೆ ಇತ್ತು, ಆದರೆ ಪರೀಕ್ಷೆಯ ದಿನ ಎಂಬುದು ಇರಲಿಲ್ಲ. ದಿನವೂ ಪರೀಕ್ಷೆಯೇ. ಗುರು ಕಿವಿಯಿಂದ ಕೇಳಿ ಅಳೆಯುತ್ತಿದ್ದ. ಉಚ್ಚಾರ ತಪ್ಪಿದರೆ ಅಲ್ಲೇ ತಿದ್ದುತ್ತಿದ್ದ. ಉನ್ನತ ಓದಿನಲ್ಲಿ ಒಂದು ಗ್ರಂಥವನ್ನು ಪೂರ್ತಿ ಓದಿ ಒಪ್ಪಿಸಿದ ಶಿಷ್ಯನಿಗೆ ಗುರು ಅದನ್ನು ಬೋಧಿಸಲು ಇಜಾಜತ್ ಕೊಡುತ್ತಿದ್ದ. ಆ ಪ್ರಮಾಣಪತ್ರದ ಬೆಲೆ ಅದನ್ನು ಕೊಟ್ಟ ಗುರುವಿನ ಹೆಸರಿನಲ್ಲಿ ಇರುತ್ತಿತ್ತು.

ಈ ಪದ್ಧತಿಯಲ್ಲಿ ದೋಷಗಳೂ ಇದ್ದವು. ಬಾಯಿಗೆ ಬಂದದ್ದು ಬುದ್ಧಿಗೆ ಹೋಯಿತೇ ಎಂದು ಎಲ್ಲ ಗುರುಗಳೂ ನೋಡುತ್ತಿರಲಿಲ್ಲ. ಬಡವರ, ಕೆಳಜಾತಿಯವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಗುರುವಿನ ಮರ್ಜಿಯೇ ಅಂತಿಮವಾಗಿತ್ತು. ಇದನ್ನು ಮರೆತು ಹಳೆಯದೆಲ್ಲ ಹೊನ್ನೆಂದು ಹೇಳುವುದು ಸರಿಯಲ್ಲ.

ಲಿಖಿತ ಪರೀಕ್ಷೆ ಬಂದ ಬಗೆ

ಲಿಖಿತ ಪರೀಕ್ಷೆಯ ತವರು ಚೀನಾ. ಅಲ್ಲಿ ಅಧಿಕಾರಿಗಳನ್ನು ಆರಿಸಲು ಶತಮಾನಗಳ ಕಾಲ ಸಾಹಿತ್ಯದ ಪರೀಕ್ಷೆ ನಡೆಯುತ್ತಿತ್ತು. ಸಾಂಗ್ ರಾಜವಂಶದ ಕಾಲಕ್ಕಾಗಲೇ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚುತ್ತಿದ್ದರು; ಕೈಬರಹದ ಗುರುತು ಸಿಗಬಾರದೆಂದು ಗುಮಾಸ್ತರಿಂದ ಉತ್ತರವನ್ನು ಬೇರೆ ಪ್ರತಿ ಮಾಡಿಸುತ್ತಿದ್ದರು. ಇಂದು ಮೌಲ್ಯಮಾಪಕರಿಂದ ವಿದ್ಯಾರ್ಥಿಯ ಗುರುತನ್ನು ಮರೆಮಾಚುವುದರ ಉದ್ದೇಶವೂ ಇದೇ. ಶ್ರೀಮಂತನ ಮಗನೋ ಬಡವನ ಮಗನೋ ಎಂದು ತಿಳಿಯದಿರಲಿ ಎಂಬುದು ಲಿಖಿತ ಪರೀಕ್ಷೆಯ ದೊಡ್ಡ ಗುಣ. ಚೀನಾದ ಆ ಪರೀಕ್ಷೆ 1905ರಲ್ಲಿ ರದ್ದಾಯಿತು.

ನಮ್ಮ ದೇಶದಲ್ಲಿ 1854ರ ವುಡ್ ವರದಿಯ ಫಲವಾಗಿ 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಆರಂಭದಲ್ಲಿ ಇವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ, ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಪಾಠ ಹೇಳುವವರು ಒಬ್ಬರು, ಅಳೆಯುವವರು ಇನ್ನೊಬ್ಬರು ಎಂಬ ಪದ್ಧತಿ ಅಲ್ಲಿಂದ ಬೇರೂರಿತು. ಕಲ್ಕತ್ತಾದಲ್ಲಿ 1858ರಲ್ಲಿ ನಡೆದ ಮೊದಲ ಬಿ.ಎ. ಪರೀಕ್ಷೆಯಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರೂ ಯದುನಾಥ ಬೋಸರೂ ತೇರ್ಗಡೆಯಾದದ್ದು ಕೃಪಾಂಕದ ನೆರವಿನಿಂದ ಎಂಬುದು ಕುತೂಹಲದ ಸಂಗತಿ. ಮುಂದೆ ಭಾರತೀಯ ಕಾದಂಬರಿಗೆ ದಾರಿ ತೋರಿದ ಲೇಖಕನಿಗೂ ಕೃಪಾಂಕ ಬೇಕಾಯಿತು!

ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ. ಕನ್ನಡ, ಉರ್ದು, ಸಂಸ್ಕೃತ, ಪಾರಸಿ ಮುಂತಾದವು ಎರಡನೆಯ ಭಾಷೆಯ ಸಾಲಿನಲ್ಲಿ ನಿಂತವು. ಪಿಯುಸಿಯಲ್ಲಿ ಇಂದಿಗೂ ಸಾಮಾನ್ಯವಾಗಿ ಕಾಣುವ "ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ" ಎಂಬ ಜೋಡಣೆಯ ಮೂಲ ಇಲ್ಲಿದೆ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಮ್ಮ ರಾಜ್ಯದ ಮಕ್ಕಳ ಪರೀಕ್ಷೆ ನಮ್ಮ ರಾಜ್ಯದಲ್ಲೇ ನಡೆಯುವಂತಾಯಿತು. ಆದರೂ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು.

ಹೊಳೆಯ ಆಚೆ ಈಚೆ

ಓದುಗರು ಒಂದು ಸ್ಥಳೀಯ ಸಂಗತಿಯನ್ನು ಗಮನಿಸಬೇಕು. ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಆಚೆಯ ರಾಣೆಬೆನ್ನೂರು ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಉತ್ತರಕ್ಕಿರುವ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹೀಗೆ ಹರಿಹರದ ಸುತ್ತಮುತ್ತ ಮೂರು ಸರ್ಕಾರಗಳ, ಮೂರು ಪರೀಕ್ಷೆಗಳ ಸೀಮೆ ಕೂಡುತ್ತಿತ್ತು.

ಈಚೆ ದಡದ ಹುಡುಗ ಲೋಯರ್ ಸೆಕೆಂಡರಿ ಮುಗಿಸಿ ಎಸ್.ಎಸ್.ಎಲ್.ಸಿ. ಕಡೆ ನೋಡುತ್ತಿದ್ದರೆ, ಆಚೆ ದಡದ ಹುಡುಗ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮಾಸ್ತರಿಕೆಯನ್ನೋ ಮ್ಯಾಟ್ರಿಕ್ಕನ್ನೋ ಕನಸು ಕಾಣುತ್ತಿದ್ದ. ಇಬ್ಬರೂ ಆಡುತ್ತಿದ್ದುದು ಕನ್ನಡವೇ. ಸಂತೆಯೂ ನೆಂಟಸ್ತಿಕೆಯೂ ಒಂದೇ. ಆದರೆ ಪಠ್ಯಪುಸ್ತಕ ಬೇರೆ, ಪ್ರಶ್ನೆಪತ್ರಿಕೆ ಬೇರೆ. ಒಂದೇ ಭಾಷೆಯ ಜ್ಞಾನವನ್ನು ಹೊಳೆಯ ಎರಡು ದಡಗಳಲ್ಲಿ ಎರಡು ಬೇರೆ ತಕ್ಕಡಿಗಳಲ್ಲಿ ತೂಗುತ್ತಿದ್ದರು.

ಧಾರವಾಡದ ಕಡೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಬಳ್ಳಾರಿಯ ಕನ್ನಡ ಭಾಗ 1953ರಲ್ಲಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ಈ ತಕ್ಕಡಿಗಳನ್ನು ಒಂದು ಮಾಡುವ ಕೆಲಸ ಹಂತಹಂತವಾಗಿ ನಡೆಯಿತು. ಇಂದು ರಾಜ್ಯದ ಪಿಯು ವಿದ್ಯಾರ್ಥಿಗಳೆಲ್ಲ ಒಂದೇ ದಿನ ಒಂದೇ ಕನ್ನಡ ಪ್ರಶ್ನೆಪತ್ರಿಕೆ ಬಿಡಿಸುವುದರ ಹಿಂದೆ ಇಷ್ಟು ದೊಡ್ಡ ಚರಿತ್ರೆ ಇದೆ.

ಕಾಲೇಜಿನ ಹೊರಗಿನ ಪರೀಕ್ಷೆಗಳು

ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೂ ಸಾಹಿತ್ಯದ ಪರೀಕ್ಷೆಗಳಿದ್ದವು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ಉರ್ದು ಬಲ್ಲವರು ಅಲೀಗಢದ ಜಾಮಿಯಾ ಉರ್ದುವಿನ ಅದೀಬ್, ಅದೀಬ್-ಎ-ಮಾಹಿರ್, ಅದೀಬ್-ಎ-ಕಾಮಿಲ್ ಪರೀಕ್ಷೆಗಳಿಗೆ ಕಟ್ಟುತ್ತಿದ್ದರು. ಅಂಗಡಿಯ ಗಲ್ಲದ ಮುಂದೆ ಕುಳಿತವರು, ಮನೆಯಿಂದ ಹೊರಗೆ ಹೆಚ್ಚು ಬಾರದ ಹೆಣ್ಣುಮಕ್ಕಳು ಸಹ ಇಂಥ ಪರೀಕ್ಷೆಗಳ ನೆಪದಲ್ಲಿ ಸಾಹಿತ್ಯ ಓದಿದರು. ಪರೀಕ್ಷೆ ಎಂಬುದು ಓದಿನ ಬಾಗಿಲನ್ನು ಮುಚ್ಚುವಂತೆ ತೆರೆಯಲೂಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಇಂಟರ್‌ಮೀಡಿಯೆಟ್‌ನಿಂದ ಪಿಯುಸಿಗೆ

ಸ್ವಾತಂತ್ರ್ಯ ಬಂದ ಮೇಲೆ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948-49), ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ತಾನು ಪರೀಕ್ಷೆಯ ಸುಧಾರಣೆಯನ್ನೇ ಸೂಚಿಸುವುದಾಗಿ ಅಭಿಪ್ರಾಯಪಟ್ಟಿತು. ಮುದಲಿಯಾರ್ ಆಯೋಗ (1952-53) ಒಂದೇ ವಾರ್ಷಿಕ ಪರೀಕ್ಷೆಯ ಮೇಲೆ ಮಗುವಿನ ಭವಿಷ್ಯವನ್ನು ನಿಲ್ಲಿಸಬಾರದು, ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸದ ದಾಖಲೆಯನ್ನೂ ಪರಿಗಣಿಸಬೇಕೆಂದಿತು. ಈ ಕಾಲದಲ್ಲಿ ಎರಡು ವರ್ಷದ ಇಂಟರ್‌ಮೀಡಿಯೆಟ್ ಹೋಗಿ, 1950ರ ದಶಕದ ಉತ್ತರಾರ್ಧದಲ್ಲಿ ಒಂದು ವರ್ಷದ ಪಿಯುಸಿ ಬಂತು. ಕೊಠಾರಿ ಆಯೋಗದ (1964-66) ಶಿಫಾರಸಿನ ನಂತರ, 1970ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಎರಡು ವರ್ಷದ ಪಿಯುಸಿ ಜಾರಿಯಾಯಿತು.

ಬಿ.ಎಡ್. ಓದಿದ ಪ್ರತಿಯೊಬ್ಬರಿಗೂ ಗೊತ್ತಿರುವ ನೀಲನಕ್ಷೆಯ ಕಥೆಯೂ ಈ ಕಾಲದ್ದೇ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1958ರಲ್ಲಿ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು. ಪ್ರಶ್ನೆಪತ್ರಿಕೆಯನ್ನು ಮನಬಂದಂತೆ ತಯಾರಿಸದೆ ಜ್ಞಾನಕ್ಕೆ ಇಷ್ಟು, ತಿಳಿವಳಿಕೆಗೆ ಇಷ್ಟು, ಅಭಿವ್ಯಕ್ತಿಗೆ ಇಷ್ಟು, ಪ್ರಶಂಸೆಗೆ ಇಷ್ಟು ಎಂದು ಮೊದಲೇ ಹಂಚಿಕೊಳ್ಳುವ ಪದ್ಧತಿ ಬೆಳೆದು ಬಂತು. ಕಾಗದದ ಮೇಲೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಪ್ರಶಂಸೆಗೆ ಎಂದು ಕೇಳಿದ ಪ್ರಶ್ನೆಯೂ ನಾಲ್ಕು ವರ್ಷ ಸತತವಾಗಿ ಬಂದರೆ ಅದರ ಉತ್ತರ ಗೈಡಿಗೆ ಸೇರುತ್ತದೆ. ಗೈಡಿಗೆ ಸೇರಿದ ಮೇಲೆ ಅದು ಜ್ಞಾನದ ಪ್ರಶ್ನೆಯೂ ಅಲ್ಲ, ನೆನಪಿನ ಪ್ರಶ್ನೆ.

ಅಂಕ ಮತ್ತು ಭಾಷೆಯ ಸ್ಥಾನ

ಭಾಷೆಗೆ ಎಷ್ಟು ಅಂಕ ಎಂಬುದು ನಮ್ಮ ರಾಜ್ಯದಲ್ಲಿ ಬೀದಿಗೂ ಬಂದ ಪ್ರಶ್ನೆ. 1980ರಲ್ಲಿ ಡಾ. ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ, ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ನೀಡಿತು. 1982ರಲ್ಲಿ ಡಾ. ರಾಜಕುಮಾರ್ ಮುಂದಾಳತ್ವದಲ್ಲಿ ಚಳವಳಿ ನಾಡಿನ ಉದ್ದಗಲಕ್ಕೂ ಹಬ್ಬಿತು. ತಮ್ಮ ಮಾತೃಭಾಷೆಯ ಗತಿ ಏನೆಂದು ಉರ್ದು, ತಮಿಳು, ಮರಾಠಿ ಮುಂತಾದ ಭಾಷಿಕರು ಆತಂಕಪಟ್ಟರು. ವಿಷಯ ನ್ಯಾಯಾಲಯಕ್ಕೆ ಹೋಗಿ, 1989ರಲ್ಲಿ ಹೈಕೋರ್ಟಿನ, 1993ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳು ಬಂದವು. ಎಸ್.ಎಸ್.ಎಲ್.ಸಿ.ಯಲ್ಲಿ ಉರ್ದುವನ್ನು ಪ್ರಥಮ ಭಾಷೆಯಾಗಿ ಓದುವ ಅವಕಾಶ ಉಳಿಯಿತು. ಪ್ರಥಮ ಭಾಷೆಗೆ 125, ಉಳಿದ ಭಾಷೆಗಳಿಗೆ ತಲಾ 100 ಅಂಕ ಎಂಬ ಪದ್ಧತಿ ನಡೆದು ಬಂತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯ ಮಾಡಿತು.

ಪಿಯುಸಿಗೆ ಬಂದಾಗ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು, ಒಟ್ಟು 600 ಅಂಕ. ಉರ್ದು ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಲ್ಲಿ ಕವಲುದಾರಿಯಲ್ಲಿ ನಿಲ್ಲುತ್ತಾನೆ. ಉರ್ದು ತೆಗೆದುಕೊಂಡರೆ ಹೆಚ್ಚು ಅಂಕದ ಆಸೆ ಇದೆ, ಆದರೆ ಎಲ್ಲ ಕಾಲೇಜುಗಳಲ್ಲಿ ಉರ್ದು ಉಪನ್ಯಾಸಕರಿಲ್ಲ. ಕನ್ನಡದ ಓದು ಎಸ್.ಎಸ್.ಎಲ್.ಸಿ.ಗೇ ನಿಂತುಹೋಗುತ್ತದೆ. ಕನ್ನಡ ತೆಗೆದುಕೊಂಡರೆ ಹಳಗನ್ನಡ ಪದ್ಯಗಳ ಮುಂದೆ ಹೆದರಿಕೆ. ರಾಜ್ಯ ಸರ್ಕಾರದ ನೌಕರಿಗೆ ಕನ್ನಡ ಜ್ಞಾನ ಬೇಕೇ ಬೇಕು ಎಂಬುದು ಆ ವಯಸ್ಸಿನಲ್ಲಿ ಹೊಳೆಯುವುದಿಲ್ಲ. ಅಂಕಕ್ಕಾಗಿ ಭಾಷೆಯನ್ನು ಆರಿಸಿಕೊಳ್ಳುವಾಗ ಮುಂದಿನ ಬದುಕನ್ನೂ ಆರಿಸಿಕೊಳ್ಳುತ್ತಿದ್ದೇವೆಂದು ಪೋಷಕರು ಮಕ್ಕಳಿಗೆ ತಿಳಿಹೇಳಬೇಕು.

ಪ್ರಶ್ನೆಪತ್ರಿಕೆಯ ಒಳಗೆ

ಒಂದು ಪಿಯುಸಿ ಕನ್ನಡ ಪ್ರಶ್ನೆಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿ. ಒಂದು ವಾಕ್ಯದ ಉತ್ತರಗಳು, ಎರಡು-ಮೂರು ವಾಕ್ಯದ ಉತ್ತರಗಳು, ಸಂದರ್ಭ ಸೂಚಿಸಿ ವಿವರಿಸುವುದು, ಐದಾರು ವಾಕ್ಯದ ವಿವರಣೆ, ವ್ಯಾಕರಣ, ಪತ್ರ, ಪ್ರಬಂಧ, ಗಾದೆಯ ವಿಸ್ತರಣೆ, ಇಂಥವೇ ಇರುತ್ತವೆ. ಉರ್ದು ಪತ್ರಿಕೆಯ ಸಿಯಾಕ್-ಒ-ಸಬಾಕ್, ತಶ್‌ರೀಹ್, ಖುಲಾಸಾ ಇದೇ ಅಚ್ಚಿನವು. ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯಲ್ಲೂ ಸಂದರ್ಭದೊಡನೆ ವಿವರಿಸುವ ಪ್ರಶ್ನೆ ಹಳೆಯದು. ಮೂರು ಭಾಷೆಗಳ ಸಾಹಿತ್ಯ ಪರಂಪರೆ ಬೇರೆ ಬೇರೆಯಾದರೂ ಪರೀಕ್ಷೆಯ ಅಚ್ಚು ಒಂದೇ.

ಸಂದರ್ಭದ ಪ್ರಶ್ನೆಯ ಮೂಲ ಉದ್ದೇಶ ಘನವಾದದ್ದು. ಒಂದು ಸಾಲನ್ನು ಕೊಟ್ಟು, ಇದನ್ನು ಯಾರು ಯಾರಿಗೆ ಏಕೆ ಹೇಳಿದರು, ಇದರ ಸೊಗಸು ಎಲ್ಲಿದೆ ಎಂದು ಕೇಳುವುದು ಸಾಹಿತ್ಯದ ಓದಿನ ತಿರುಳೇ ಸರಿ. ಆದರೆ ತರಗತಿಯಲ್ಲಿ ಅದು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಉಪಶೀರ್ಷಿಕೆಗಳ ಸೂತ್ರವಾಗಿದೆ. ಸ್ವಾರಸ್ಯ ಎಂಬ ಶೀರ್ಷಿಕೆಯ ಕೆಳಗೆ "ಈ ಮಾತು ಬಹಳ ಸ್ವಾರಸ್ಯಕರವಾಗಿದೆ" ಎಂದು ಬರೆದು ಮುಗಿಸುವ ಉತ್ತರಗಳು ಎಷ್ಟಿಲ್ಲ!

ಮೌಲ್ಯಮಾಪಕರನ್ನಷ್ಟೇ ದೂರುವುದು ನ್ಯಾಯವಲ್ಲ. ಸಾವಿರಾರು ಉತ್ತರಪತ್ರಿಕೆಗಳನ್ನು ಗೊತ್ತಾದ ದಿನಗಳಲ್ಲಿ ನೋಡಿ ಮುಗಿಸಬೇಕು. ಎಲ್ಲರಿಗೂ ಸಮಾನ ನ್ಯಾಯ ಸಿಗಲೆಂದು ಮಾದರಿ ಉತ್ತರದ ಅಂಶಗಳನ್ನು ಮೊದಲೇ ಕೊಡುತ್ತಾರೆ. ಇದಕ್ಕೆ ಕಾರಣವೂ ಇದೆ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಸಂಶೋಧಕರು ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿದಾಗ, ಅದೇ ಉತ್ತರಕ್ಕೆ ಒಬ್ಬರು ನೂರಕ್ಕೆ 50ರಷ್ಟು, ಮತ್ತೊಬ್ಬರು 90ಕ್ಕೂ ಹೆಚ್ಚು ಅಂಕ ಕೊಟ್ಟಿದ್ದರು. ಸೂತ್ರವಿಲ್ಲದಿದ್ದರೆ ಅನ್ಯಾಯ, ಸೂತ್ರವೇ ಎಲ್ಲವಾದರೆ ಸ್ವಂತ ಮಾತಿನಲ್ಲಿ ಬರೆದ ಹುಡುಗಿಗೆ ಅನ್ಯಾಯ. ಭಾಷಾ ಪರೀಕ್ಷೆ ಈ ಎರಡು ಅನ್ಯಾಯಗಳ ನಡುವಿನ ಕಿರುದಾರಿಯಲ್ಲಿ ನಡೆಯಬೇಕಾಗಿದೆ.

ಇನ್ನೊಂದು ಪೆಟ್ಟು ಹೊರಗಿನಿಂದ ಬಂತು. 1994ರಿಂದ ಬೆಳೆದ ಸಿಇಟಿ ವ್ಯವಸ್ಥೆಯಲ್ಲಿ ವೃತ್ತಿ ಶಿಕ್ಷಣದ ರ‍್ಯಾಂಕಿಗೆ ವಿಜ್ಞಾನ ವಿಷಯಗಳೇ ಮುಖ್ಯ. ಭಾಷೆಯ ಅಂಕ ಲೆಕ್ಕಕ್ಕಿಲ್ಲ. ಹೀಗಾಗಿ ವಿಜ್ಞಾನ ವಿದ್ಯಾರ್ಥಿಗೆ ಭಾಷೆ "ಪಾಸಾದರೆ ಸಾಕು" ಎಂಬ ವಿಷಯವಾಯಿತು. ಆದರೆ ನಾಳೆ ವೈದ್ಯನಾದವನು ರೋಗಿಗೆ ರೋಗವನ್ನು ವಿವರಿಸುವುದು ಭಾಷೆಯಲ್ಲೇ ಅಲ್ಲವೇ?

ಇತ್ತೀಚಿನ ಬದಲಾವಣೆಗಳು

2021ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್.ಎಸ್.ಎಲ್.ಸಿ. ಅಂಕಗಳಿಗೆ ಶೇ. 45, ಪ್ರಥಮ ಪಿಯುಸಿ ಅಂಕಗಳಿಗೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂದು ಲೆಕ್ಕ ಹಾಕಿ ಎಲ್ಲ ಹೊಸ ವಿದ್ಯಾರ್ಥಿಗಳನ್ನೂ ತೇರ್ಗಡೆ ಮಾಡಲಾಯಿತು. ಹಿಂದಿನ ಓದನ್ನು ನಿರ್ಲಕ್ಷಿಸಿ ಕೊನೆಯ ತಿಂಗಳಲ್ಲಿ ಓದಿಕೊಳ್ಳುತ್ತೇನೆಂದವರಿಗೆ ಆ ವರ್ಷ ದೊಡ್ಡ ಪಾಠ ಕಲಿಸಿತು.

2022ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿಯುಸಿ ಪರೀಕ್ಷೆಗಳೆರಡೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಅಡಿಗೆ ಬಂದವು. 2023-24ರಿಂದ ಭಾಷೆಗಳೂ ಸೇರಿದಂತೆ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ ಜಾರಿಯಾಯಿತು. ಕಾಲೇಜಿನಲ್ಲಿ ನಡೆದ ಪರೀಕ್ಷೆಗಳು ಮತ್ತು ಯೋಜನಾ ಕಾರ್ಯ ಇದರಲ್ಲಿ ಸೇರುತ್ತವೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. 2025ರಲ್ಲಿ ಉತ್ತೀರ್ಣತೆಯ ಮಟ್ಟವನ್ನು ಶೇ. 35ರಿಂದ 33ಕ್ಕೆ, ಅಂದರೆ 600ಕ್ಕೆ 198ಕ್ಕೆ ಇಳಿಸಿ, ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕ ಬೇಕೆಂದು ನಿಗದಿಪಡಿಸಲಾಯಿತು.

ಈ ಬದಲಾವಣೆಗಳಲ್ಲಿ ನನಗೆ ಅತಿ ಮಹತ್ವದ್ದೆನಿಸುವುದು ಆ 20 ಅಂಕ. ಮುದಲಿಯಾರ್ ಆಯೋಗ 1953ರಲ್ಲಿ ಹೇಳಿದ್ದು ಎಪ್ಪತ್ತು ವರ್ಷಗಳ ನಂತರ ನಮ್ಮ ಭಾಷಾ ತರಗತಿಗೆ ಬಂತು. ಪಾಠ ಹೇಳಿದವರೇ ಅಳೆಯುವ ಹಕ್ಕು, ಸ್ವಲ್ಪಮಟ್ಟಿಗಾದರೂ, ಮರಳಿ ಅವರ ಕೈಗೆ ಬಂದಿದೆ. ವಿದ್ಯಾರ್ಥಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿಸುವ ಅವಕಾಶ ಸಿಕ್ಕಿದೆ.

ಅವಕಾಶವಿದ್ದಂತೆ ಅಪಾಯವೂ ಇದೆ. ಎಲ್ಲರಿಗೂ ಕಣ್ಣುಮುಚ್ಚಿ 20ಕ್ಕೆ 20 ಕೊಟ್ಟರೆ ಆ ಅಂಕ ಸತ್ತಂತೆ. ಅಂತರ್ಜಾಲದಿಂದ ಇಳಿಸಿ ಬಣ್ಣದ ರಟ್ಟು ಹಾಕಿಸಿದ ಯೋಜನಾ ಕಾರ್ಯಕ್ಕೆ ಪೂರ್ಣ ಅಂಕ ಕೊಟ್ಟರೆ ನಾವು ಅಳೆದದ್ದು ಜೆರಾಕ್ಸ್ ಅಂಗಡಿಯ ಕೌಶಲವನ್ನು. ಮುಖ ನೋಡಿ ಅಂಕ ಕೊಟ್ಟರೆ, ಹೆಸರು ಮುಚ್ಚಿ ಉತ್ತರ ತಿದ್ದಿದ ಆ ಹಳೆಯ ಚೀನೀ ಪರೀಕ್ಷಕರ ಮುಂದೆ ನಾವು ತಲೆತಗ್ಗಿಸಬೇಕಾಗುತ್ತದೆ.

ನಾವು ಮಾಡಬಹುದಾದದ್ದು

ಸರ್ಕಾರ ಏನು ಮಾಡಬೇಕೆಂಬ ಪಟ್ಟಿ ಬೇಡ; ನಮ್ಮ ಕೈಯಲ್ಲಿರುವುದನ್ನು ನೋಡೋಣ. ಉಪನ್ಯಾಸಕರು ಯೋಜನಾ ಕಾರ್ಯವನ್ನು ಊರಿಗೆ ಹೊಂದಿಸಿ ಕೊಡಬಹುದು. ಗುತ್ತೂರಿನ ವಿದ್ಯಾರ್ಥಿ ತನ್ನ ಅಜ್ಜಿಯ ಬಾಯಿಂದ ಹತ್ತು ಗಾದೆಗಳನ್ನು ಸಂಗ್ರಹಿಸಿ, ಅವು ಕನ್ನಡದಲ್ಲೂ ಉರ್ದುವಿನಲ್ಲೂ ಹೇಗಿವೆ ಎಂದು ಬರೆಯಲಿ. ಅದು ಯಾವ ಗೈಡಿನಲ್ಲೂ ಸಿಗುವುದಿಲ್ಲ. ಬರೆದದ್ದನ್ನು ತರಗತಿಯ ಮುಂದೆ ಐದು ನಿಮಿಷ ಹೇಳಿಸಿದರೆ, ಯಾರದು ಸ್ವಂತ ಕೆಲಸ, ಯಾರದು ನಕಲು ಎಂಬುದು ತಾನಾಗಿ ತಿಳಿಯುತ್ತದೆ.

ಪ್ರೌಢಶಾಲೆಯ ಶಿಕ್ಷಕರಾದ ನಾವು ಎಂಟನೆಯ ತರಗತಿಯಿಂದಲೇ ವಾರಕ್ಕೊಂದು ಪುಟ ಸ್ವಂತ ಬರವಣಿಗೆ ಮಾಡಿಸಬೇಕು. ಕೆಂಪು ಶಾಯಿಯಿಂದ ತಪ್ಪುಗಳನ್ನು ಗುರುತಿಸುವಾಗ ಒಂದು ಒಳ್ಳೆಯ ವಾಕ್ಯದ ಕೆಳಗೂ ಗೆರೆ ಎಳೆದು "ಚೆನ್ನಾಗಿದೆ" ಎಂದು ಬರೆದರೆ ಆ ಮಗು ಮುಂದಿನ ವಾರ ಇನ್ನೊಂದು ಒಳ್ಳೆಯ ವಾಕ್ಯ ಬರೆಯುತ್ತದೆ. ಪೋಷಕರು "ಎಷ್ಟು ಬಂತು?" ಎಂದು ಕೇಳುವ ಮೊದಲು "ಏನು ಓದಿದೆ, ಹೇಳು" ಎಂದು ಕೇಳಿದರೆ ಮನೆಯಲ್ಲೇ ಆಮೋಖ್ತಾ ನಡೆದಂತಾಗುತ್ತದೆ; ಓದು ಬಾರದ ತಾಯಿಯೂ ಇದನ್ನು ಮಾಡಬಲ್ಲಳು.

ವಿದ್ಯಾರ್ಥಿ ಮಿತ್ರರೇ, ಒಂದು ಭಾಷೆಯಲ್ಲಿ ಅನುತ್ತೀರ್ಣರಾದರೆ ಓದನ್ನೇ ಬಿಡಬೇಡಿ. ಇಂದು ಅದೇ ವರ್ಷದಲ್ಲಿ ಮತ್ತೆ ಅವಕಾಶವಿದೆ. ಉತ್ತರಪತ್ರಿಕೆಯ ನಕಲು ಪ್ರತಿ ಪಡೆದು ಎಲ್ಲಿ ತಪ್ಪಿತೆಂದು ನಿಮ್ಮ ಗುರುಗಳೊಡನೆ ಕುಳಿತು ನೋಡಿ. ಪಾಸಾದವರೂ ಕೊನೆಯ ಪರೀಕ್ಷೆಯ ಮರುದಿನ ಪಠ್ಯಪುಸ್ತಕವನ್ನು ರದ್ದಿಗೆ ಹಾಕಬೇಡಿ. ಪರೀಕ್ಷೆಯ ಭಯವಿಲ್ಲದೆ ಅದರ ಒಂದು ಪದ್ಯವನ್ನು ಮತ್ತೆ ಓದಿ ನೋಡಿ. ಯಾರೂ ಅಂಕ ಕೊಡದ ಆ ಓದಿನಲ್ಲಿ ನಿಮಗೆ ಸಂತೋಷ ಸಿಕ್ಕಿದರೆ, ಭಾಷೆಯ ನಿಜವಾದ ಪರೀಕ್ಷೆಯಲ್ಲಿ ನೀವು ಉತ್ತೀರ್ಣರಾಗಿದ್ದೀರಿ ಎಂದೇ ಅರ್ಥ.